ಪೈಥಾಗೊರಸ್ ಪ್ರಮೇಯದ ಗಾರ್ಫೀಲ್ಡ್ ಅಧ್ಯಕ್ಷರಾಗಿ ಏನು ಮಾಡಿದರು?

ಸೀಮೆಸುಣ್ಣ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರು. ಪೈಥಾಗೊರಸ್ ಪ್ರಮೇಯದ ಪಾಠ ಬಂದಾಗ ಪುಸ್ತಕದ ಸಾಧನೆ ಮುಗಿಸಿ, ಇನ್ನೊಂದನ್ನೂ ಬೋರ್ಡ್ ಮೇಲೆ ಮಾಡಿ ತೋರಿಸುವುದು ನನ್ನ ರೂಢಿ. ಅದು ಜೇಮ್ಸ್ ಗಾರ್ಫೀಲ್ಡ್ ಅವರ ಸಾಧನೆ. ಅವರು ಅಮೆರಿಕದ 20ನೇ ಅಧ್ಯಕ್ಷ. ಇದನ್ನು ಅವರು 1876ರಲ್ಲಿ, ಇನ್ನೂ ಸಂಸತ್ ಸದಸ್ಯರಾಗಿದ್ದಾಗಲೇ, ಒಂದು ಶಿಕ್ಷಣ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಜೊತೆಯ ಸದಸ್ಯರೊಂದಿಗೆ ಗಣಿತದ ಮಾತಾಡುತ್ತಾ ಕೂತಿದ್ದಾಗ ಹೊಳೆದದ್ದಂತೆ.

ಎಷ್ಟು ಸುಲಭ ನೋಡಿ. ಒಂದೇ ಅಳತೆಯ ಎರಡು ಲಂಬಕೋನ ತ್ರಿಭುಜ ತಗೊಳ್ಳಿ. ಬಾಹುಗಳು ಎ ಮತ್ತು ಬಿ, ವಿಕರ್ಣ ಸಿ. ಒಂದನ್ನು ನಿಲ್ಲಿಸಿ, ಇನ್ನೊಂದನ್ನು ಮಲಗಿಸಿ. ಒಂದರ ಎ ಬಾಹು, ಇನ್ನೊಂದರ ಬಿ ಬಾಹು ನೆಲದ ಮೇಲೆ ಒಂದೇ ಗೆರೆಯಲ್ಲಿ ಬರಬೇಕು. ಮೇಲಿನ ಎರಡು ತುದಿಗಳನ್ನು ಸೇರಿಸಿದರೆ ತ್ರಾಪಿಜ್ಯ ಆಯಿತು. ನಡುವೆ ಸಿ, ಸಿ ಬಾಹುಗಳ ಇನ್ನೊಂದು ಲಂಬಕೋನ ತ್ರಿಭುಜ ತಾನಾಗೇ ಬಂದು ಕೂರುತ್ತದೆ. ಇಡೀ ತ್ರಾಪಿಜ್ಯದ ವಿಸ್ತೀರ್ಣ ಒಂದು ಸಲ, ಮೂರು ತ್ರಿಭುಜಗಳದ್ದು ಕೂಡಿಸಿ ಒಂದು ಸಲ. ಎರಡನ್ನೂ ಸಮ ಮಾಡಿದರೆ ಎರಡು ಸಾಲಿನಲ್ಲಿ ಮುಗಿಯಿತು. ಪ್ರತಿ ವರ್ಷ ಈ ಹೊತ್ತಿಗೆ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಈ ಸಲ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಸರ್, ಅಧ್ಯಕ್ಷರಾದ ಮೇಲೆ ಅವರು ಏನು ಮಾಡಿದ್ರು?" ಗುಂಡೇಟಿಗೆ ಸಿಕ್ಕಿ ತೀರಿಕೊಂಡರು ಎಂದೆ. "ಅದು ಅವರಿಗೆ ಬೇರೆಯವರು ಮಾಡಿದ್ದಲ್ವಾ ಸರ್, ಅವರು ಏನು ಮಾಡಿದ್ರು?" ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸೋಮವಾರ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ತಿಳಿದವರು ದಯವಿಟ್ಟು ಬರೆಯಿರಿ.

---

ಹಳೇ ಫೈಲು:

ಸರ್, ಮೊದಲು ಲೆಕ್ಕ. 1881ರ ಮಾರ್ಚ್ 4ಕ್ಕೆ ಪ್ರಮಾಣ ವಚನ. ಜುಲೈ 2ಕ್ಕೆ ಗುಂಡೇಟು. ಅಂದರೆ ನಿಜವಾಗಿ ಕೆಲಸ ಮಾಡಲು ಸಿಕ್ಕಿದ್ದು ನಾಲ್ಕೇ ತಿಂಗಳು.

ಆ ನಾಲ್ಕು ತಿಂಗಳು ಬಹುಪಾಲು ಹೋದದ್ದು ನೌಕರಿ ಕೇಳಿಕೊಂಡು ಬಂದವರ ಕಾಟದಲ್ಲೇ. ಆಗ ಅಲ್ಲಿ ಸರ್ಕಾರಿ ಕೆಲಸ ಎಂದರೆ ಗೆದ್ದ ಪಕ್ಷದವರು ತಮ್ಮವರಿಗೆ ಹಂಚುವ ಪ್ರಸಾದ. ಅಂಚೆ ಕಚೇರಿಯಿಂದ ಹಿಡಿದು ಬಂದರಿನ ಸುಂಕದ ಕಟ್ಟೆಯವರೆಗೆ ಎಲ್ಲಾ ಹಾಗೇ. ಬೆಳಗಾದರೆ ಅಧ್ಯಕ್ಷರ ಮನೆ ಬಾಗಿಲಲ್ಲಿ ಸಾಲು. ಅದರಲ್ಲೂ ನ್ಯೂಯಾರ್ಕ್ ಬಂದರಿನ ಸುಂಕಾಧಿಕಾರಿ ಹುದ್ದೆ ಎಂದರೆ ಭಾರಿ ದುಡ್ಡಿನ, ಭಾರಿ ಪ್ರಭಾವದ ಜಾಗ. ಅದು ತನ್ನ ಕೈಲೇ ಇರಬೇಕು ಎಂದು ಹಟ ಹಿಡಿದಿದ್ದವರು ಸೆನೆಟರ್ ರಾಸ್ಕೋ ಕಾಂಕ್ಲಿಂಗ್. ಗಾರ್ಫೀಲ್ಡ್ ಅವರದೇ ಪಕ್ಷ. ಆದರೂ ಗಾರ್ಫೀಲ್ಡ್, ಕಾಂಕ್ಲಿಂಗ್ ಅವರನ್ನು ಕೇಳದೆ, ಅವರ ವಿರೋಧಿ ವಿಲಿಯಂ ರಾಬರ್ಟ್‌ಸನ್ ಅವರನ್ನು ಆ ಹುದ್ದೆಗೆ ಹೆಸರಿಸಿದರು. ಎಷ್ಟು ಒತ್ತಡ ಬಂದರೂ ಹಿಂದೆ ಸರಿಯಲಿಲ್ಲ. ಕೊನೆಗೆ ಕಾಂಕ್ಲಿಂಗ್ ಮುನಿಸಿಕೊಂಡು, ಮೇ ತಿಂಗಳಲ್ಲಿ ಸೆನೆಟ್‌ಗೇ ರಾಜೀನಾಮೆ ಕೊಟ್ಟರು. ತಮ್ಮ ರಾಜ್ಯದ ಶಾಸನಸಭೆ ಮತ್ತೆ ಆರಿಸಿ ಕಳಿಸುತ್ತದೆ ಎಂದುಕೊಂಡಿದ್ದರು. ಕಳಿಸಲಿಲ್ಲ.

ಅಂಚೆ ಸಾಗಣೆಯ ಗುತ್ತಿಗೆಗಳಲ್ಲಿ ದೊಡ್ಡ ಹಗರಣ ಇತ್ತು. ತಮ್ಮ ಪಕ್ಷದವರ ಹೆಸರೇ ಬರಬಹುದು ಎಂದು ಗೊತ್ತಿದ್ದೂ ಪೂರ್ತಿ ತನಿಖೆ ಮಾಡಿ ಎಂದರು. ಪ್ರಮಾಣ ವಚನದ ದಿನದ ಭಾಷಣದಲ್ಲಿ ಕರಿಯರ ಮತದ ಹಕ್ಕಿನ ಬಗ್ಗೆ, ಓದು ಬರಹದ ಬಗ್ಗೆ ನೇರವಾಗಿ ಮಾತಾಡಿದರು. ಗುಲಾಮಗಿರಿಗೂ ಸಮಾನ ಪೌರತ್ವಕ್ಕೂ ನಡುವೆ ಇನ್ನೊಂದು ಮೆಟ್ಟಿಲು ಇಲ್ಲ ಎನ್ನುವುದು ಅವರ ನಿಲುವು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಫ್ರೆಡರಿಕ್ ಡಗ್ಲಾಸ್ ಅವರನ್ನು ರಾಜಧಾನಿಯ ದಸ್ತಾವೇಜು ನೋಂದಣಿಯ ಮುಖ್ಯಸ್ಥರನ್ನಾಗಿ ಮಾಡಿದರು. ನಾಲ್ಕು ತಿಂಗಳಿಗೆ ಇದು ಕಡಿಮೆಯಲ್ಲ ಎನ್ನುವುದು ನನ್ನ ಅಭಿಪ್ರಾಯ.

---

ಓಟಿ ಸಿಸ್ಟರ್:

ಮೇಷ್ಟ್ರೇ, ನಾನು 31 ವರ್ಷ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವಳು. ಈಗ ರಿಟೈರ್ ಆಗಿ ಹಾಸನದಲ್ಲಿದ್ದೇನೆ. ಹೊಸ ಹುಡುಗಿಯರು ಟ್ರೈನಿಂಗ್‌ಗೆ ಬಂದಾಗ, ಕೈ ತೊಳೆಯುವುದನ್ನು ಕಲಿಸುವ ಮೊದಲು ನಾನು ಹೇಳುತ್ತಿದ್ದ ಕಥೆ ಇವರದೇ. ಆ ಮಗು ಕೇಳಿದ ಪ್ರಶ್ನೆ ಸರಿಯಾಗಿದೆ. ಆದರೆ "ಅವರಿಗೆ ಬೇರೆಯವರು ಏನು ಮಾಡಿದರು" ಎನ್ನುವುದೂ ಅವಳಿಗೆ ಗೊತ್ತಾಗಬೇಕು. ಸ್ವಲ್ಪ ಉದ್ದವಾಗುತ್ತದೆ, ಓದಿ.

ಅವತ್ತು ಶನಿವಾರ. ವಾಷಿಂಗ್ಟನ್ನಿನ ರೈಲ್ವೆ ಸ್ಟೇಷನ್. ಮಲೇರಿಯಾದಿಂದ ಚೇತರಿಸಿಕೊಳ್ಳುತ್ತಿದ್ದ ಹೆಂಡತಿ ಲುಕ್ರೀಶಿಯಾ ಸಮುದ್ರದ ದಡದ ಊರಿನಲ್ಲಿದ್ದರು. ಅವರನ್ನು ಕರೆದುಕೊಂಡು, ತಾವು ಓದಿದ ವಿಲಿಯಮ್ಸ್ ಕಾಲೇಜಿಗೆ ಹೋಗಬೇಕು ಎಂದು ಹೊರಟಿದ್ದರು. ಇಬ್ಬರು ಗಂಡುಮಕ್ಕಳೂ ಜೊತೆಗಿದ್ದರು. ಚಾರ್ಲ್ಸ್ ಗಿಟೋ ಎನ್ನುವವನು ಹಿಂದಿನಿಂದ ಎರಡು ಗುಂಡು ಹಾರಿಸಿದ. ಪ್ಯಾರಿಸ್‌ನಲ್ಲಿ ರಾಯಭಾರ ಕಚೇರಿಯ ಕೆಲಸ ಕೊಡಿ ಎಂದು ತಿಂಗಳುಗಟ್ಟಲೆ ಅಲೆದಿದ್ದವನು ಅವನು.

ಒಂದು ಗುಂಡು ತೋಳು ಸವರಿ ಹೋಯಿತು. ಇನ್ನೊಂದು ಬೆನ್ನಿನ ಬಲಗಡೆ ಹೊಕ್ಕು, ಪಕ್ಕೆಲುಬು ಮುರಿದು, ಬೆನ್ನುಮೂಳೆಯ ಒಂದು ಮಣಿಯನ್ನು ತೂರಿ, ಎಡಗಡೆ ಮೇದೋಜೀರಕ ಗ್ರಂಥಿಯ ಹತ್ತಿರ ಹೋಗಿ ನಿಂತಿತು. ಬೆನ್ನುಹುರಿಗೆ ತಾಗಲಿಲ್ಲ. ದೊಡ್ಡ ರಕ್ತನಾಳ ಆಗಲೇ ಹರಿದುಹೋಗಲಿಲ್ಲ. ಅಂತರ್ಯುದ್ಧ ಮುಗಿದು 16 ವರ್ಷವಾಗಿತ್ತು ಅಷ್ಟೇ. ಮೈಯೊಳಗೆ ಗುಂಡು ಇಟ್ಟುಕೊಂಡೇ ಊಟ ಮಾಡಿ, ಉಳುಮೆ ಮಾಡಿ ಬದುಕುತ್ತಿದ್ದ ಹಳೆಯ ಸೈನಿಕರು ಆ ದೇಶದ ತುಂಬಾ ಇದ್ದರು.

ಸ್ಟೇಷನ್ನಿನ ನೆಲದ ಮೇಲೆ ಮಲಗಿಸಿದಾಗಲೇ ಮೊದಲು ಬಂದ ಡಾಕ್ಟರ್ ಗಾಯದೊಳಗೆ ಬೆರಳು ಹಾಕಿ ಗುಂಡು ಹುಡುಕಿದರು. ಆಮೇಲೆ ಬಂದವರು ವಿಲ್ಲರ್ಡ್ ಬ್ಲಿಸ್. ಅವರಿಗೆ ಅಪ್ಪ ಅಮ್ಮ ಇಟ್ಟ ಮೊದಲ ಹೆಸರೇ "ಡಾಕ್ಟರ್". ಅವರು ಲೋಹದ ಪ್ರೋಬ್ ತೂರಿಸಿದರು. ಸಿಗಲಿಲ್ಲ. ಕಿರುಬೆರಳು ಹಾಕಿದರು. ಕೈ ತೊಳೆದಿರಲಿಲ್ಲ. ಪ್ರೋಬ್ ಕುದಿಸಿರಲಿಲ್ಲ. ಕೆಳಗೆ ಸಾವಿರ ಜನ ಓಡಾಡಿದ ಸ್ಟೇಷನ್ ನೆಲ.

ಆ ಕಾಲದಲ್ಲಿ ಯಾರಿಗೂ ಗೊತ್ತಿರಲಿಲ್ಲ ಎನ್ನಬೇಡಿ. ಜೋಸೆಫ್ ಲಿಸ್ಟರ್ 1867ರಲ್ಲೇ ಕಾರ್ಬಾಲಿಕ್ ಆಮ್ಲದಿಂದ ಗಾಯ, ಕೈ, ಸಲಕರಣೆ ತೊಳೆಯಬೇಕು ಎಂದು ಬರೆದು ತೋರಿಸಿದ್ದರು. 1876ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದು ಅಮೆರಿಕದ ಡಾಕ್ಟರುಗಳ ಮುಂದೆ ನಿಂತು ಹೇಳಿದ್ದರು. ಮೇಷ್ಟ್ರೇ, ಅದು ಗಾರ್ಫೀಲ್ಡ್ ನಿಮ್ಮ ತ್ರಾಪಿಜ್ಯ ಬರೆದ ವರ್ಷವೇ. ಅಲ್ಲಿದ್ದ ಹಿರಿಯರು ತುಂಬಾ ಜನ ಒಪ್ಪಲಿಲ್ಲ. ಕಣ್ಣಿಗೆ ಕಾಣದ ಕ್ರಿಮಿ ಕೊಲ್ಲುತ್ತದೆ ಎಂದರೆ ಅವರಿಗೆ ನಂಬಿಕೆ ಬರಲಿಲ್ಲ.

ಬ್ಲಿಸ್ ಕೆಟ್ಟವರು ಎಂದು ನಾನು ಹೇಳುವುದಿಲ್ಲ. ಹಗಲು ರಾತ್ರಿ ರೋಗಿಯ ಹತ್ತಿರವೇ ಇದ್ದರು. ಆದರೆ ಗುಂಡು ಬಲಗಡೆಯೇ ಇದೆ ಎಂದು ಒಂದು ಸಲ ತೀರ್ಮಾನ ಮಾಡಿದ ಮೇಲೆ ಬೇರೆಯವರ ಮಾತು ಕೇಳಲಿಲ್ಲ. ಟೆಲಿಫೋನ್ ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್, ಮೈಯೊಳಗಿನ ಲೋಹ ಹುಡುಕುವ ಯಂತ್ರವನ್ನು ಹಗಲಿರುಳು ಕೂತು ಮಾಡಿಕೊಂಡು ಬಂದರು. ಜುಲೈ ಕೊನೆಗೆ ಒಂದು ಸಲ, ಆಗಸ್ಟ್ 1ಕ್ಕೆ ಇನ್ನೊಂದು ಸಲ ನೋಡಿದರು. ಹುಡುಕಲು ಬಿಟ್ಟದ್ದು ಬಲಗಡೆ ಮಾತ್ರ. ಸಾಲದ್ದಕ್ಕೆ ಹಾಸಿಗೆಯಲ್ಲಿ ಉಕ್ಕಿನ ಸ್ಪ್ರಿಂಗ್. ಯಂತ್ರಕ್ಕೆ ಎಲ್ಲೆಲ್ಲೂ ಲೋಹವೇ ಕೇಳಿಸುತ್ತಿತ್ತು. ಗುಂಡು ಎಡಗಡೆ ಇತ್ತು.

ದಿನ ಕಳೆದಂತೆ ಗಾಯದಿಂದ ಕೀವು. ಜ್ವರ, ಚಳಿ, ಬೆವರು. ಡಾಕ್ಟರುಗಳು ಕೀವು ಹೋಗಲಿ ಎಂದು ಮತ್ತೆ ಕೊಯ್ದರು, ಮತ್ತೆ ಬೆರಳು ಹಾಕಿದರು. ಕೀವು ಸೊಂಟದ ಕೆಳಗೆ ತೊಡೆಸಂದಿನ ಕಡೆಗೆ ದಾರಿ ಮಾಡಿಕೊಂಡಿತು. ಅವರು ಅದನ್ನೇ ಗುಂಡು ಹೋದ ದಾರಿ ಎಂದುಕೊಂಡರು. ನಂಜು ಇಡೀ ಮೈಗೆ ಹತ್ತಿತು. ಊಟ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಆಗಸ್ಟ್ ನಡುವಿನಿಂದ ಮಾಂಸದ ಸಾರು, ಮೊಟ್ಟೆಯ ಹಳದಿ, ಹಾಲನ್ನು ಎನಿಮಾ ಕೊಟ್ಟ ಹಾಗೆ ಗುದದ್ವಾರದಿಂದ ಕೊಡುತ್ತಿದ್ದರು. ಸುಮಾರು 95 ಕಿಲೋ ಇದ್ದ ಎತ್ತರದ ಆಳು 60 ಕಿಲೋಗೂ ಕೆಳಗೆ ಇಳಿದರು. ಇಂಥ ರೋಗಿಯನ್ನು ಮಗ್ಗುಲು ಬದಲಿಸಿ ಮಲಗಿಸುವಾಗ ಕೈಗೆ ಮೂಳೆ ಹೇಗೆ ಸಿಗುತ್ತದೆ ಎಂದು ನನಗೆ ಗೊತ್ತು.

ಇಷ್ಟರ ನಡುವೆ ಆಗಸ್ಟ್ 11ರಂದು ಅವರು ಓಹಾಯೋದಲ್ಲಿದ್ದ ತಾಯಿಗೆ ತಮ್ಮ ಕೈಯಾರೆ ಒಂದು ಸಣ್ಣ ಕಾಗದ ಬರೆದರು. ಬಗೆಬಗೆಯ ಸುದ್ದಿ ಕೇಳಿ ಗಾಬರಿ ಆಗಬೇಡ, ಬಲ ಇನ್ನೂ ಕಡಿಮೆ, ಮಲಗೇ ಇದ್ದೇನೆ, ಆದರೆ ದಿನದಿನಕ್ಕೂ ಚೇತರಿಸಿಕೊಳ್ಳುತ್ತಿದ್ದೇನೆ, ಸಮಯ ಮತ್ತು ತಾಳ್ಮೆ ಇದ್ದರೆ ಸಾಕು ಎನ್ನುವ ಅರ್ಥದ ಕಾಗದ. ವಾರ್ಡಿನಲ್ಲಿ ಇಂಥವರನ್ನು ನೋಡಿದ್ದೇನೆ. ನೋವು ತಡೆಯಲಾರದೆ ಹಾಸಿಗೆಯ ಕಂಬಿ ಹಿಡಿದುಕೊಂಡಿರುತ್ತಾರೆ. ಊರಿಂದ ಫೋನ್ ಬಂದರೆ "ಆರಾಮಿದ್ದೀನಮ್ಮ, ನೀನು ಊಟ ಮಾಡು" ಎನ್ನುತ್ತಾರೆ.

ವಾಷಿಂಗ್ಟನ್ನಿನ ಸೆಕೆ ತಡೆಯಲಾಗದೆ ಸೆಪ್ಟೆಂಬರ್ 6ಕ್ಕೆ ರೈಲಿನಲ್ಲಿ ನ್ಯೂಜೆರ್ಸಿಯ ಎಲ್ಬೆರಾನ್ ಎನ್ನುವ ಕಡಲ ತೀರಕ್ಕೆ ಕರೆದುಕೊಂಡು ಹೋದರು. ಸ್ಟೇಷನ್ನಿನಿಂದ ಮನೆ ಬಾಗಿಲವರೆಗೆ ಹಳಿ ಇರಲಿಲ್ಲ. ಊರಿನವರು, ರೈಲ್ವೆಯ ಆಳುಗಳು ಸೇರಿ ರಾತ್ರೋರಾತ್ರಿ ಹಳಿ ಹಾಸಿದರು. ಕೊನೆಯ ಏರಿನಲ್ಲಿ ಎಂಜಿನ್ನಿಗೆ ಎಳೆಯಲಾಗದಿದ್ದಾಗ ಜನ ಕೈಯಿಂದಲೇ ಬೋಗಿಯನ್ನು ತಳ್ಳಿದರು. ಟ್ರೈನಿಂಗ್ ಹುಡುಗಿಯರಿಗೆ ಈ ಜಾಗ ಹೇಳುವಾಗ ನನ್ನ ಗಂಟಲು ಕಟ್ಟುತ್ತಿತ್ತು. ಅದೇ ಊರಲ್ಲಿ ಸೆಪ್ಟೆಂಬರ್ 19ರ ರಾತ್ರಿ, ಗುಂಡು ತಾಗಿ 80ನೇ ದಿನ, ಒಳಗೆ ರಕ್ತನಾಳ ಒಡೆದು ಜೀವ ಹೋಯಿತು. ಅವರಿಗೆ 49 ವರ್ಷ. ಮರಣೋತ್ತರ ಪರೀಕ್ಷೆಯಲ್ಲಿ ಗುಂಡು ಎಡಗಡೆ ಸಿಕ್ಕಿತು. ಬಲಗಡೆ ಸಿಕ್ಕಿದ್ದೆಲ್ಲಾ ಕೀವು.

ಇದನ್ನು ನಾನು ಯಾಕೆ ಇಷ್ಟು ಹಿಡಿದುಕೊಂಡಿದ್ದೇನೆ ಎಂದರೆ, ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೇ ಒಂದನ್ನು ಕಣ್ಣಾರೆ ಕಂಡೆ. ಒಂದು ಸಣ್ಣ ಆಸ್ಪತ್ರೆ. ತೆಂಗಿನ ಮರದಿಂದ ಬಿದ್ದ ಒಬ್ಬ ಆಳು ಬಂದಿದ್ದ. ತೊಡೆಯಲ್ಲಿ ಆಳವಾದ ಗಾಯ. ಹಿರಿಯರೊಬ್ಬರು ಬಂದು "ಒಂದೇ ನಿಮಿಷ" ಎಂದು ಗ್ಲೌಸ್ ಹಾಕದೆ ಬೆರಳು ಹಾಕಿ ನೋಡಿದರು. ಗ್ಲೌಸಿನ ಪೊಟ್ಟಣ ನನ್ನ ಕೈಯಲ್ಲೇ ಇತ್ತು. ನಾನು ಬಾಯಿ ಬಿಡಲಿಲ್ಲ. ನಾಲ್ಕನೇ ದಿನ ಬ್ಯಾಂಡೇಜು ಬಿಚ್ಚಿದಾಗ ಬಂದ ವಾಸನೆ ಇವತ್ತಿಗೂ ಮೂಗಿನಲ್ಲಿದೆ. ಅವನು ಬದುಕಿದ, ಆದರೆ ಒಂದೂವರೆ ತಿಂಗಳು ಅಲ್ಲೇ ಇರಬೇಕಾಯಿತು. ಅವನ ಹೆಂಡತಿ ಟಿಫನ್ ಡಬ್ಬಿ ಹಿಡಿದುಕೊಂಡು ಕಾರಿಡಾರಿನಲ್ಲಿ ಕೂತಿರುತ್ತಿದ್ದಳು. ಅವಳನ್ನು ದಾಟಿಕೊಂಡೇ ನಾನು ದಿನಾ ಡ್ಯೂಟಿಗೆ ಹೋಗಬೇಕಿತ್ತು. ಆಮೇಲೆ ಎಷ್ಟೇ ದೊಡ್ಡವರಿರಲಿ, "ಸರ್, ಗ್ಲೌಸ್" ಎನ್ನದೆ ಬಿಟ್ಟಿಲ್ಲ.

---

ಹಳೇ ಫೈಲು:

ಸಿಸ್ಟರ್, ಓದಿ ಸುಮ್ಮನೆ ಕೂತುಬಿಟ್ಟೆ.

ಮೇಷ್ಟ್ರಿಗೆ ಇನ್ನೊಂದು ಮಾತು. ಗಿಟೋನನ್ನು 1882ರ ಜೂನ್ 30ಕ್ಕೆ ಗಲ್ಲಿಗೇರಿಸಿದರು. ಆದರೆ ಜನರ ಸಿಟ್ಟು ಅಷ್ಟಕ್ಕೇ ನಿಲ್ಲಲಿಲ್ಲ. ನೌಕರಿಯನ್ನು ಪ್ರಸಾದದ ಹಾಗೆ ಹಂಚುವ ಪದ್ಧತಿಯೇ ಅಧ್ಯಕ್ಷರನ್ನು ಕೊಂದಿತು ಎನ್ನುವ ಭಾವನೆ ದೇಶದಲ್ಲೆಲ್ಲಾ ಹಬ್ಬಿತು. 1883ರ ಜನವರಿ 16ಕ್ಕೆ ಪೆಂಡಲ್‌ಟನ್ ಕಾಯ್ದೆ ಬಂತು. ಕೇಂದ್ರ ಸರ್ಕಾರದ ಒಂದಷ್ಟು ಹುದ್ದೆಗಳಿಗೆ ಪರೀಕ್ಷೆ ಬರೆದೇ ಬರಬೇಕು, ಪಕ್ಷಕ್ಕೆ ಚಂದಾ ಕೊಡಲಿಲ್ಲ ಎಂದು ಕೆಲಸದಿಂದ ತೆಗೆಯುವ ಹಾಗಿಲ್ಲ. ಶುರುವಿನಲ್ಲಿ ಹತ್ತರಲ್ಲಿ ಒಂದು ಹುದ್ದೆಗೆ ಮಾತ್ರ ಅನ್ವಯ. ಆಮೇಲೆ ಬೆಳೆಯುತ್ತಾ ಹೋಯಿತು.

ಸಹಿ ಹಾಕಿದವರು ಯಾರು ಗೊತ್ತಾ? ಉಪಾಧ್ಯಕ್ಷರಾಗಿದ್ದು ಅಧ್ಯಕ್ಷರಾದ ಚೆಸ್ಟರ್ ಆರ್ಥರ್. ಕಾಂಕ್ಲಿಂಗ್ ಅವರ ಕಡೆಯವರು. ಅದೇ ನ್ಯೂಯಾರ್ಕ್ ಬಂದರಿನ ಸುಂಕಾಧಿಕಾರಿ ಆಗಿದ್ದು, 1878ರಲ್ಲಿ ಹುದ್ದೆ ಕಳೆದುಕೊಂಡಿದ್ದವರು. ಅವರೇ ಈ ಕಾಯ್ದೆ ಜಾರಿಗೆ ತಂದರು. ಆ ಮನುಷ್ಯನ ಬಗ್ಗೆ ನನಗೆ ಗೌರವ ಇದೆ.

ನಾನು ಎಫ್‌ಡಿಎ ಆಗಿ ಸೇರಿ, ತಾಲ್ಲೂಕು ಕಚೇರಿಯಲ್ಲಿ ರಿಟೈರ್ ಆದವನು. ನಮ್ಮಪ್ಪ ಹಮಾಲಿ. ಯಾರ ಪರಿಚಯವೂ ಇರಲಿಲ್ಲ. ಪರೀಕ್ಷೆ ಇತ್ತು, ಬರೆದೆ, ಕೆಲಸ ಸಿಕ್ಕಿತು. ಭಾರತದ ಸಿವಿಲ್ ಸರ್ವಿಸ್‌ಗೆ 1855ರಿಂದಲೇ ಲಂಡನ್ನಿನಲ್ಲಿ ಸ್ಪರ್ಧೆಯ ಪರೀಕ್ಷೆ ನಡೆಯುತ್ತಿತ್ತು. ಅಮೆರಿಕದಲ್ಲಿ ಸುಧಾರಣೆ ಬೇಕು ಎಂದವರು ಬ್ರಿಟನ್ನಿನ ಆ ಪದ್ಧತಿಯನ್ನು ಕೂತು ಓದಿದ್ದರು. ಹಾಗಾಗಿ ಈ ಕಥೆ ನನಗೆ ದೂರದ್ದು ಅನ್ನಿಸುವುದಿಲ್ಲ.

---

ಎರೀ ಕೆರೆ ದಂಡೆ:

ನಾನು ಹದಿಮೂರು ವರ್ಷದಿಂದ ಕ್ಲೀವ್‌ಲ್ಯಾಂಡ್‌ನಲ್ಲಿದ್ದೇನೆ. ಮೂಲ ಶಿರಸಿ. ಇಲ್ಲಿಂದ ಅರ್ಧ ಗಂಟೆಯ ದಾರಿ ಮೆಂಟರ್. ಗಾರ್ಫೀಲ್ಡ್ ಅವರ ಮನೆ ಅಲ್ಲಿದೆ. ಮನೆಗೆ ಯಾರೇ ನೆಂಟರು ಬಂದರೂ ನಯಾಗರಾ ತೋರಿಸಿದ ಮೇಲೆ ಅಲ್ಲಿಗೂ ಕರೆದುಕೊಂಡು ಹೋಗುತ್ತೇನೆ.

ಮುಂದೆ ದೊಡ್ಡ ಜಗಲಿ. 1880ರ ಚುನಾವಣೆಯಲ್ಲಿ ಅವರು ಊರೂರು ಸುತ್ತುವ ಬದಲು ಬಹುಪಾಲು ಇದೇ ಜಗಲಿಯ ಮೇಲೆ ನಿಂತು ಮಾತಾಡಿದರು. ಜನ ರೈಲಿನಲ್ಲಿ ಬಂದು, ಹೊಲ ದಾಟಿ, ಅಂಗಳದಲ್ಲಿ ನಿಂತು ಕೇಳುತ್ತಿದ್ದರು. ಜರ್ಮನ್ ಮೂಲದವರು ಬಂದಾಗ ಜರ್ಮನ್ ಭಾಷೆಯಲ್ಲೇ ಸ್ವಾಗತ ಹೇಳಿದರಂತೆ. ಅಂದ ಹಾಗೆ ಅವರು ಸ್ಪರ್ಧಿಸಬೇಕು ಎಂದು ಹೊರಟವರೇ ಅಲ್ಲ. ಷಿಕಾಗೋದ ಪಕ್ಷದ ಸಭೆಗೆ ಹೋಗಿದ್ದು ಬೇರೆಯವರ ಹೆಸರು ಸೂಚಿಸಲು. ಯಾರಿಗೂ ಬಹುಮತ ಬಾರದೆ, 36ನೇ ಸುತ್ತಿನ ಮತದಾನದಲ್ಲಿ ಇವರ ಹೆಸರೇ ಗೆದ್ದಿತು.

ಆ ಹುಡುಗಿಗೆ ಅವರ ಬಾಲ್ಯವನ್ನೂ ಹೇಳಿ ಸರ್. ಹುಟ್ಟಿದ್ದು ಮರದ ದಿಮ್ಮಿಯ ಗುಡಿಸಲಿನಲ್ಲಿ, 1831ರ ನವೆಂಬರ್ 19. ಎರಡು ವರ್ಷ ತುಂಬುವ ಮೊದಲೇ ಅಪ್ಪ ಹೋದರು. ತಾಯಿ ಎಲೈಜಾ ಹೊಲ ಬಿಡಲಿಲ್ಲ. ತಾವೇ ದುಡಿದು ನಾಲ್ಕು ಮಕ್ಕಳನ್ನು ಸಾಕಿದರು. 16ನೇ ವಯಸ್ಸಿಗೆ ಹುಡುಗ ಕಾಲುವೆಯ ದೋಣಿಯಲ್ಲಿ ಕೆಲಸಕ್ಕೆ ಸೇರಿದ. ದೋಣಿ ಎಳೆಯುವ ಪ್ರಾಣಿಗಳನ್ನು ದಂಡೆ ಮೇಲೆ ಹೊಡೆದುಕೊಂಡು ಹೋಗುವ ಕೆಲಸ. ಈಜು ಬರುತ್ತಿರಲಿಲ್ಲ, ಪದೇ ಪದೇ ನೀರಿಗೆ ಬೀಳುತ್ತಿದ್ದ. ಕೆಲವೇ ವಾರಕ್ಕೆ ಚಳಿಜ್ವರ ಹಿಡಿದು ಮನೆಗೆ ಬಂದ. ತಾಯಿ ಕೂಡಿಟ್ಟ ದುಡ್ಡು ಕೊಟ್ಟು, ಓದಲು ಹೋಗು ಎಂದರು. ಹೈರಂ ಎನ್ನುವ ಊರಿನ ಶಾಲೆಯಲ್ಲಿ ಕಸ ಗುಡಿಸಿ, ಗಂಟೆ ಹೊಡೆದು ಫೀಸು ತೀರಿಸಿದ. ಅದೇ ಶಾಲೆಯಲ್ಲಿ ಮೇಷ್ಟ್ರಾಗಿ, 26 ತುಂಬುವ ಹೊತ್ತಿಗೆ ಮುಖ್ಯಸ್ಥರಾದರು.

ಅವರು ತೀರಿಕೊಂಡ ಮೇಲೆ ಲುಕ್ರೀಶಿಯಾ ಆ ಮನೆಗೆ ಒಂದು ಲೈಬ್ರರಿ ಸೇರಿಸಿ ಕಟ್ಟಿಸಿದರು. ಅವರ ಕಾಗದಪತ್ರ ಇಡಲು ಕಲ್ಲಿನ ಭದ್ರ ಕೋಣೆ. ವಿಕ್ಟೋರಿಯಾ ರಾಣಿ ಕಳಿಸಿದ್ದ ಹೂವಿನ ಹಾರ, ಮೇಣ ಹಾಕಿಸಿದ್ದು, ಆ ಕೋಣೆಯಲ್ಲಿ ಇಟ್ಟಿದ್ದರು. ಕ್ಲೀವ್‌ಲ್ಯಾಂಡ್‌ನ ಸಮಾಧಿಯಲ್ಲಿ ಗಂಡ ಹೆಂಡತಿಯ ಶವಪೆಟ್ಟಿಗೆಗಳು ಪಕ್ಕಪಕ್ಕದಲ್ಲೇ ಇವೆ. ಮಣ್ಣಿನಡಿ ಅಲ್ಲ, ಹೋದವರ ಕಣ್ಣಿಗೆ ಕಾಣುವ ಹಾಗೆ. ನಮ್ಮಮ್ಮ ಊರಿಂದ ಬಂದಿದ್ದಾಗ ಅಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದರು. ಬೇಡ ಅಮ್ಮ, ಚಳಿ ಎಂದರೂ ಕೇಳಲಿಲ್ಲ.

---

ಸೀಮೆಸುಣ್ಣ:

ಎಲ್ಲರಿಗೂ ನಮಸ್ಕಾರ. ಇವತ್ತು ಸೋಮವಾರ. ಪಾಠ ಬಿಟ್ಟು ಇಡೀ ಪೀರಿಯಡ್ ಇದನ್ನೇ ಹೇಳಿದೆ. ಗಂಟೆ ಹೊಡೆದು ಓದಿದ ಹುಡುಗ ಎಂದಾಗ ನಮ್ಮ ಶಾಲೆಯ ಗಂಟೆ ಹೊಡೆಯುವ ಹುಡುಗ ನೆಟ್ಟಗೆ ಕೂತ. ಸಿಸ್ಟರ್, ನೀವು ಬರೆದ ಬೆರಳಿನ ಮಾತು ಹೇಳಿದಾಗ ಕ್ಲಾಸು ಪೂರ್ತಿ ಮೌನ. ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ನಲ್ಲಿ ಹತ್ತಿರ ಎಂದೂ ಇಲ್ಲದ ಸಾಲು. ಸೋಪು ಖಾಲಿಯಾಯಿತು, ಅಂಗಡಿಯಿಂದ ಎರಡು ತರಿಸಿದೆ.

ಆ ಹುಡುಗಿ ಸಂಜೆ ಸೈಕಲ್ ಹಿಡಿದುಕೊಂಡು ನಿಂತಿದ್ದಳು. ಕಾಗದ ಬರೆದಾಗ ಅವರ ತಾಯಿಗೆ ಎಷ್ಟು ವಯಸ್ಸು ಸರ್, ಆಮೇಲೆ ಅವರೇನಾದರು ಎಂದು ಕೇಳಿದಳು. ಯಾರಿಗಾದರೂ ಗೊತ್ತಿದೆಯಾ?

---

ಎರೀ ಕೆರೆ ದಂಡೆ:

79 ಸರ್. ಎಲೈಜಾ ಹುಟ್ಟಿದ್ದು 1801ರ ಸೆಪ್ಟೆಂಬರ್ 21. ಮಗ ಪ್ರಮಾಣ ವಚನ ತೆಗೆದುಕೊಳ್ಳುವುದನ್ನು ಕಣ್ಣಾರೆ ನೋಡಿದ ಅಧ್ಯಕ್ಷರ ತಾಯಂದಿರಲ್ಲಿ ಇವರೇ ಮೊದಲಿಗರು. ಪ್ರಮಾಣ ಮುಗಿದ ಕೂಡಲೇ ಮಗ ಬಾಗಿ ಅವರಿಗೆ ಮುತ್ತು ಕೊಟ್ಟಿದ್ದರು. ಮಗ ಹೋದ ಮೇಲೂ ಆರು ವರ್ಷ ಬದುಕಿದ್ದರು, 1888ರ ಜನವರಿಯಲ್ಲಿ ತೀರಿಕೊಂಡರು.

ಮಗ ಕಣ್ಣು ಮುಚ್ಚಿದ್ದು ಸೆಪ್ಟೆಂಬರ್ 19ರ ರಾತ್ರಿ ಅಲ್ವಾ. ಎರಡು ದಿನ ಕಳೆದು ಅವರಿಗೆ ಎಂಬತ್ತು ತುಂಬಿತು.